ಯಾವ ಬಸವನ ಹುಳಗಳಲ್ಲಿ ಏರುಪೇರು ಜಾಸ್ತಿ? ಎಫ್ ಟೆಸ್ಟ್ ಒಂದು ಹೇಳುತ್ತದೆ, ಲೆವೀನ್ ಇನ್ನೊಂದು

ಪ್ರಶ್ನೆ: ಮೇಡಂ, ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಒಂದೇ ಜಾತಿಯ ಸಿಹಿನೀರಿನ ಬಸವನ ಹುಳಗಳನ್ನು ಎರಡು ಕಡೆಯಿಂದ ಹಿಡಿದು ಚಿಪ್ಪಿನ ಉದ್ದ ಅಳೆದಿದ್ದೇನೆ. ಹರಿಯುವ ತೊರೆಯಿಂದ 42, ನಿಂತ ನೀರಿನ ಕೊಳದಿಂದ 35. ತೊರೆಯವುಗಳ ಸರಾಸರಿ 18.4 ಮಿ.ಮೀ., ಎಸ್‌ಡಿ (ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎನ್ನುವ ಸಂಖ್ಯೆ) 2.1. ಕೊಳದವುಗಳ ಸರಾಸರಿ 26.0 ಮಿ.ಮೀ., ಎಸ್‌ಡಿ 3.0. ಕೊಳದವುಗಳಲ್ಲಿ ಏರುಪೇರು ಜಾಸ್ತಿ ಎಂದು ನನ್ನ ಊಹೆ. ಎರಡು ಗುಂಪುಗಳ ಏರುಪೇರು ಹೋಲಿಸುವ ಎಫ್ ಟೆಸ್ಟ್ ಮಾಡಿದರೆ ಪಿ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) 0.03 ಬರುತ್ತದೆ, ಅದೇ ಕೆಲಸದ ಲೆವೀನ್ ಟೆಸ್ಟ್ ಮಾಡಿದರೆ 0.09. ಗೈಡ್ ಎಫ್ ಟೆಸ್ಟ್ ಸಾಕು ಎನ್ನುತ್ತಾರೆ. ಲ್ಯಾಬಿನ ಸೀನಿಯರ್ ಲೆವೀನ್ ಅನ್ನೇ ನಂಬು ಎನ್ನುತ್ತಾರೆ. ಕೊಳದಲ್ಲಿ 35 ಮಿ.ಮೀ. ಉದ್ದದ ಒಂದು ಹುಳ ಸಿಕ್ಕಿತ್ತು, ಅದನ್ನು ತೆಗೆದುಬಿಡು ಎಂದು ಸ್ನೇಹಿತೆ ಹೇಳಿದಳು. ತೆಗೆದರೆ ಎಫ್ ಟೆಸ್ಟೂ ಕೈಕೊಡುತ್ತದೆ. ಯಾವುದನ್ನು ನಂಬಲಿ? ಕೊಳದ ಹುಳಗಳಲ್ಲಿ ಜೆನೆಟಿಕ್ ವೈವಿಧ್ಯ ಜಾಸ್ತಿ ಎಂದು ಪೇಪರಿನಲ್ಲಿ ಬರೆಯಬಹುದಾ? ಸರಾಸರಿ ಹೋಲಿಸಲು ಟಿ ಟೆಸ್ಟ್ ಮಾಡುವ ಮೊದಲು ವೇರಿಯನ್ಸ್ (ಎಸ್‌ಡಿಯ ವರ್ಗ) ಸಮ ಇರಬೇಕಲ್ವಾ?

ಉತ್ತರ: ಎಲ್ಲ ಸಂಖ್ಯೆಗಳನ್ನೂ ಕೊಟ್ಟು ಕೇಳಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಸಂಖ್ಯೆ ಇಲ್ಲದ ಪ್ರಶ್ನೆಗೆ ಸುಮ್ನೆ ಮೇಲುಮೇಲಿನ ಮಾತು ಹೇಳಬೇಕಾಗುತ್ತದೆ. ಇಲ್ಲಿ ನಿಮ್ಮ ಡೇಟಾವನ್ನೇ ಕೈಯಲ್ಲಿ ಹಿಡಿದು ಮಾತಾಡಬಹುದು.

ನಿಮ್ಮನ್ನು ಕಾಡುತ್ತಿರುವುದು 0.03 ಸರಿಯೋ 0.09 ಸರಿಯೋ ಎನ್ನುವುದು. ಅದಕ್ಕೆ ಬರುತ್ತೇನೆ. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣು ನಿಂತದ್ದು ಬೇರೆ ಎರಡು ಸಂಖ್ಯೆಗಳ ಮೇಲೆ: 18.4 ಮತ್ತು 26.0. ಕೊಳದ ಹುಳಗಳು ತೊರೆಯ ಹುಳಗಳಿಗಿಂತ ತುಂಬಾ ದೊಡ್ಡವು. ಅಷ್ಟು ದೊಡ್ಡದಾದ ಮೇಲೆ ಎಸ್‌ಡಿ ಕೂಡ ದೊಡ್ಡದಾಗುವುದು ಸಹಜವೇ. ಇಲಿಗಳ ತೂಕದ ಎಸ್‌ಡಿ ಗ್ರಾಂಗಳಲ್ಲಿ ಇರುತ್ತದೆ, ಆನೆಗಳದ್ದು ನೂರಾರು ಕಿಲೋ. ಹಾಗಂತ ಇಲಿಗಳಿಗಿಂತ ಆನೆಗಳಲ್ಲಿ ಏರುಪೇರು ಜಾಸ್ತಿ ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ಜೀವಿಗಳ ಬೆಳವಣಿಗೆ ಬಹುಮಟ್ಟಿಗೆ ಗುಣಿಸುವ ಲೆಕ್ಕದಲ್ಲಿ ನಡೆಯುತ್ತದೆ. ಆಹಾರ ಚೆನ್ನಾಗಿ ಸಿಕ್ಕ ಹುಳ ಉಳಿದವಕ್ಕಿಂತ ಶೇಕಡಾ 10ರಷ್ಟು ದೊಡ್ಡದಾಗುತ್ತದೆ ಎಂದಿಟ್ಟುಕೊಳ್ಳಿ. ತೊರೆಯಲ್ಲಿ ಅದು 1.8 ಮಿ.ಮೀ., ಕೊಳದಲ್ಲಿ 2.6 ಮಿ.ಮೀ. ಕಾರಣ ಒಂದೇ, ಮಿಲಿಮೀಟರ್ ಮಾತ್ರ ಬೇರೆ.

ಹಾಗಾಗಿ ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ ನೋಡೋಣ. ಇದೇ ಕೋಎಫಿಷಿಯೆಂಟ್ ಆಫ್ ವೇರಿಯೇಷನ್, ಚಿಕ್ಕದಾಗಿ ಸಿವಿ. 1896ರಲ್ಲಿ ಕಾರ್ಲ್ ಪಿಯರ್ಸನ್ ಬಳಕೆಗೆ ತಂದ ಹಳೆಯ ಅಳತೆ ಇದು. ನಿಮ್ಮ ತೊರೆಯ ಹುಳಗಳಿಗೆ 2.1 ಭಾಗಿಸು 18.4, ಅಂದರೆ ಶೇಕಡಾ 11.4. ಕೊಳದವುಗಳಿಗೆ 3.0 ಭಾಗಿಸು 26.0, ಅಂದರೆ ಶೇಕಡಾ 11.5.

ಎರಡೂ ಹೆಚ್ಚುಕಡಿಮೆ ಒಂದೇ. ಗಾತ್ರಕ್ಕೆ ತಕ್ಕಂತೆ ನೋಡಿದರೆ ನಿಮ್ಮ ಎರಡು ಗುಂಪುಗಳ ನಡುವೆ ಏರುಪೇರಿನಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ. ಎಫ್ ಟೆಸ್ಟ್ ಆಗಲಿ ಲೆವೀನ್ ಆಗಲಿ, ಕಚ್ಚಾ ಮಿಲಿಮೀಟರ್ ಮೇಲೆ ಓಡಿಸಿದರೆ ಇದನ್ನು ನಿಮಗೆ ಹೇಳುವುದೇ ಇಲ್ಲ. ಅವಕ್ಕೆ ಸರಾಸರಿಯ ಪರಿವೆ ಇಲ್ಲ. ಅವು ಕೇಳುವುದು ಒಂದೇ ಪ್ರಶ್ನೆ, ಮಿಲಿಮೀಟರ್ ಲೆಕ್ಕದಲ್ಲಿ ಹರವು ಎಲ್ಲಿ ಜಾಸ್ತಿ ಎಂದು. ಟೆಸ್ಟ್ ಆಯ್ಕೆ ಮಾಡುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಬೇಕು: "ಜಾಸ್ತಿ ಏರುಪೇರು" ಎಂದರೆ ನಿಮಗೆ ಮಿಲಿಮೀಟರಿನಲ್ಲಿ ಜಾಸ್ತಿಯೋ, ಗಾತ್ರಕ್ಕೆ ಹೋಲಿಸಿದರೆ ಜಾಸ್ತಿಯೋ?

ಮಿಲಿಮೀಟರ್ ಲೆಕ್ಕವೇ ಮುಖ್ಯವಾಗುವ ಸಂದರ್ಭಗಳೂ ಇವೆ. ಒಂದು ಮೀನು 24 ಮಿ.ಮೀ.ಗಿಂತ ದೊಡ್ಡ ಚಿಪ್ಪನ್ನು ನುಂಗಲಾರದು ಎಂದುಕೊಳ್ಳಿ. ಆಗ ಎಷ್ಟು ಹುಳಗಳು ಆ ಗೆರೆ ದಾಟಿವೆ ಎನ್ನುವುದು ಜೀವ ಉಳಿಯುವ ಪ್ರಶ್ನೆ, ಅಲ್ಲಿ ಸಿವಿ ತೆಗೆದುಕೊಂಡು ಏನೂ ಉಪಯೋಗವಿಲ್ಲ. ಆದರೆ ನಿಮ್ಮ ಪ್ರಶ್ನೆ ಹಾಗಿಲ್ಲ. ನೀವು ವೈವಿಧ್ಯದ ಬಗ್ಗೆ ಮಾತಾಡುತ್ತಿದ್ದೀರಿ, ಹಾಗಾಗಿ ಗಾತ್ರಕ್ಕೆ ತಕ್ಕ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ.

ಸಿವಿಯನ್ನು ನೇರವಾಗಿ ಟೆಸ್ಟ್ ಮಾಡುವುದಕ್ಕಿಂತ ಸುಲಭ ದಾರಿ ಒಂದಿದೆ. ಪ್ರತಿ ಅಳತೆಯ ನ್ಯಾಚುರಲ್ ಲಾಗ್ ತೆಗೆದುಕೊಳ್ಳಿ, ಆಮೇಲೆ ಆ ಲಾಗ್‌ಗಳ ವೇರಿಯನ್ಸ್ ಹೋಲಿಸಿ. ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1966ರಲ್ಲಿ ಇದನ್ನು ವಿವರಿಸಿದ್ದರು. ಲಾಗ್ ತೆಗೆದಾಗ ಗುಣಾಕಾರವೆಲ್ಲ ಕೂಡುವ ಲೆಕ್ಕವಾಗುತ್ತದೆ, ಹಾಗಾಗಿ ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದು ಮಾಡಿದರೂ ಲಾಗ್‌ನ ವೇರಿಯನ್ಸ್ ಬದಲಾಗುವುದಿಲ್ಲ. ಸಿವಿ ಶೇಕಡಾ 30ಕ್ಕಿಂತ ಕಡಿಮೆ ಇದ್ದರೆ ಲಾಗ್‌ನ ಎಸ್‌ಡಿಯೂ ಸಿವಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ನಿಮ್ಮ ಡೇಟಾದಲ್ಲಿ ಎರಡು ಕಡೆಯೂ 0.11ರ ಆಸುಪಾಸು ಬರಬೇಕು, ಓಡಿಸಿ ನೋಡಿ.

ಒಂದೆರಡು ಕಡೆ ಎಚ್ಚರ ಬೇಕು. ಸೊನ್ನೆ ಅಥವಾ ಮೈನಸ್ ಸಂಖ್ಯೆ ಇದ್ದರೆ ಲಾಗ್ ಆಗುವುದಿಲ್ಲ. ಸೆಲ್ಸಿಯಸ್ ಉಷ್ಣತೆಗೆ ಸಿವಿ ತೆಗೆಯಬಾರದು, ಅಲ್ಲಿನ ಸೊನ್ನೆ ನಾವೇ ಇಟ್ಟುಕೊಂಡ ಗುರುತು ಅಷ್ಟೇ. ಉದ್ದದ ಸಿವಿಯನ್ನು ತೂಕದ ಸಿವಿಯ ಪಕ್ಕ ಇಟ್ಟು ಹೋಲಿಸಬಾರದು. ತೂಕ ಸುಮಾರಾಗಿ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಉದ್ದದ ಸಿವಿ ಶೇಕಡಾ 11 ಇದ್ದರೆ ತೂಕದ್ದು ತಾನಾಗಿಯೇ 33ರ ಹತ್ತಿರ ಇರುತ್ತದೆ. ತೂಕದಲ್ಲಿ ಏರುಪೇರು ಮೂರು ಪಟ್ಟು ಎಂದು ಖುಷಿಪಟ್ಟು ಬಂದವರನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಮೊಟ್ಟೆಯ ಸಂಖ್ಯೆ, ಹುಳದ ಸಂಖ್ಯೆ ಇಂಥ ಎಣಿಕೆಗಳಿಗೆ ಲೆಕ್ಕವೇ ಬೇರೆ, ಅಲ್ಲಿ ಬರೀ ಅದೃಷ್ಟದಿಂದಲೇ ವೇರಿಯನ್ಸ್ ಸರಾಸರಿಯಷ್ಟು ಇರುತ್ತದೆ.

ಈಗ ಎಫ್ ಮತ್ತು ಲೆವೀನ್ ಜಗಳಕ್ಕೆ ಬರೋಣ. ಲಾಗ್ ತೆಗೆದ ಮೇಲೂ ಯಾವುದೋ ಒಂದು ಟೆಸ್ಟ್ ಬೇಕೇ ಬೇಕಲ್ಲ.

ಎಫ್ ಟೆಸ್ಟ್ ಎರಡು ವೇರಿಯನ್ಸ್‌ಗಳ ಅನುಪಾತ ನೋಡುತ್ತದೆ. ನಿಮ್ಮದು 9.00 ಭಾಗಿಸು 4.41, ಅಂದರೆ 2.04. ಲೆಕ್ಕ ಸರಿಯಾಗಿದೆ, ಪಿ 0.03 ಕೂಡ ಸರಿ. ಆದರೆ ಆ 0.03ಕ್ಕೆ ಒಂದು ಷರತ್ತಿದೆ. ಎರಡೂ ಗುಂಪು ನಾರ್ಮಲ್ ಹಂಚಿಕೆಯಿಂದ, ಅಂದರೆ ನಡುವೆ ಎತ್ತರವಾಗಿ ಎರಡು ಕಡೆಯೂ ಸಮವಾಗಿ ಇಳಿಯುವ ಗಂಟೆಯಾಕಾರದ ಹಂಚಿಕೆಯಿಂದ, ಬಂದಿರಬೇಕು. "ಟಿ ಟೆಸ್ಟ್‌ಗೂ ಅದೇ ಷರತ್ತಲ್ವಾ, ಸ್ಯಾಂಪಲ್ ದೊಡ್ಡದಿದ್ದರೆ ಪರವಾಗಿಲ್ಲ ಅಂತಾರಲ್ಲ" ಎಂದು ನೀವು ಕೇಳಬಹುದು. ಬಹಳ ಜನ ಎಡವುವುದು ಇಲ್ಲೇ. ಟಿ ಟೆಸ್ಟ್‌ನಲ್ಲಿ ನಾವು ಹೋಲಿಸುವುದು ಸರಾಸರಿಗಳನ್ನು. ಸ್ಯಾಂಪಲ್ ದೊಡ್ಡದಾದಂತೆ ಸರಾಸರಿಗಳು ತಾವಾಗಿಯೇ ನಾರ್ಮಲ್ ಕಡೆ ಬರುತ್ತವೆ, ಹಾಗಾಗಿ ಟಿ ಟೆಸ್ಟ್ ಕ್ಷಮಿಸುತ್ತದೆ. ಎಫ್ ಟೆಸ್ಟ್ ಕ್ಷಮಿಸುವುದಿಲ್ಲ. ವೇರಿಯನ್ಸ್ ಎಷ್ಟು ಅಲುಗಾಡುತ್ತದೆ ಎನ್ನುವುದು ಅಂಚಿನಲ್ಲಿರುವ ತೀರಾ ದೊಡ್ಡ, ತೀರಾ ಚಿಕ್ಕ ಅಳತೆಗಳ ಮೇಲೆ ನಿಂತಿದೆ. ಅಂಥವು ನಾರ್ಮಲ್ ಹಂಚಿಕೆಯಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಎಫ್ ಟೆಸ್ಟ್ ಹಾಕಿಕೊಂಡ ಲೆಕ್ಕ ಬುಡದಲ್ಲೇ ತಪ್ಪಾಗುತ್ತದೆ.

ಎಷ್ಟು ತಪ್ಪು? ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸುತ್ತೇನೆ. ಹಂಚಿಕೆಯ ಅಂಚು ಎಷ್ಟು ದಪ್ಪ ಎಂದು ಅಳೆಯುವುದು ಕರ್ಟೋಸಿಸ್. ನಾರ್ಮಲ್‌ಗಿಂತ ಅದು ಎಷ್ಟು ಜಾಸ್ತಿ ಎಂದು ಲೆಕ್ಕ ಹಾಕುತ್ತಾರೆ, ಅಂದರೆ ನಾರ್ಮಲ್‌ಗೆ 0. ಅದು 3 ಇರುವ ಎರಡು ಗುಂಪುಗಳನ್ನು ತೆಗೆದುಕೊಳ್ಳಿ, ಎರಡರ ನಿಜವಾದ ವೇರಿಯನ್ಸೂ ಒಂದೇ ಎಂದಿಟ್ಟುಕೊಳ್ಳಿ. ಎಫ್ ಟೆಸ್ಟ್ 100ರಲ್ಲಿ 5 ಸಲ ಮಾತ್ರ ಸುಳ್ಳು ಹೇಳಬೇಕು. ಆದರೆ ಇಲ್ಲಿ ಸುಮಾರು 21 ಸಲ ಸುಳ್ಳು ಹೇಳುತ್ತದೆ. ಸ್ಯಾಂಪಲ್ ಸಾವಿರಕ್ಕೆ ಏರಿಸಿದರೂ ಇದು 5ಕ್ಕೆ ಇಳಿಯುವುದಿಲ್ಲ. ದೊಡ್ಡ ಸ್ಯಾಂಪಲ್ ಕಾಪಾಡುತ್ತದೆ ಎನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಇದೇನೂ ಹೊಸ ವಿಷಯವಲ್ಲ. ಜಾರ್ಜ್ ಬಾಕ್ಸ್ 1953ರಲ್ಲೇ ಇದನ್ನು ಸ್ಪಷ್ಟವಾಗಿ ತೋರಿಸಿದ್ದರು. ಬಾರ್ಟ್‌ಲೆಟ್ ಟೆಸ್ಟ್ 1937ರದ್ದು, ಎರಡಕ್ಕಿಂತ ಹೆಚ್ಚು ಗುಂಪುಗಳಿಗೂ ನಡೆಯುತ್ತದೆ, ಆದರೆ ಅದಕ್ಕೂ ಇದೇ ಕಾಯಿಲೆ.

ಲೆವೀನ್ ಉಪಾಯ ಸರಳ. ಪ್ರತಿ ಹುಳ ತನ್ನ ಗುಂಪಿನ ನಡುವಿನಿಂದ ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಿ, ಪ್ಲಸ್ ಮೈನಸ್ ಬಿಟ್ಟುಬಿಡಿ. ಈಗ ಆ ದೂರಗಳ ಸರಾಸರಿಯನ್ನು ಎರಡು ಗುಂಪುಗಳ ನಡುವೆ ಹೋಲಿಸಿ. ಏರುಪೇರಿನ ಪ್ರಶ್ನೆ ಸರಾಸರಿಯ ಪ್ರಶ್ನೆಯಾಗಿ ಬದಲಾಯಿತು, ಟಿ ಟೆಸ್ಟ್‌ಗೆ ಇರುವ ತಾಳ್ಮೆ ಇದಕ್ಕೂ ಬಂತು. ದೂರವನ್ನು ವರ್ಗ ಮಾಡುವುದಿಲ್ಲವಾದ್ದರಿಂದ ಒಂಟಿ ದೊಡ್ಡ ಹುಳಕ್ಕೆ ಅಷ್ಟು ಬಲವೂ ಸಿಗುವುದಿಲ್ಲ. 1960ರ ಮೂಲ ಲೆವೀನ್ ಟೆಸ್ಟ್ ನಡು ಎಂದು ಸರಾಸರಿಯನ್ನು ಹಿಡಿಯುತ್ತಿತ್ತು. 1974ರಲ್ಲಿ ಬ್ರೌನ್ ಮತ್ತು ಫೋರ್ಸೈತ್ ಸರಾಸರಿಯ ಜಾಗದಲ್ಲಿ ಮೀಡಿಯನ್ (ಅಳತೆಗಳನ್ನು ಸಾಲಾಗಿ ಜೋಡಿಸಿದಾಗ ಸರಿ ಮಧ್ಯೆ ಬರುವುದು) ಇಟ್ಟರು. ಹಂಚಿಕೆ ಒಂದು ಕಡೆ ವಾಲಿದ್ದರೆ ಇದು ಮೂಲ ರೂಪಕ್ಕಿಂತ ಬಹಳ ಉತ್ತಮ. ನೀವು ಬಳಸಿದ ಸಾಫ್ಟ್‌ವೇರ್ ಯಾವುದನ್ನು ಮಾಡಿದೆ ಎಂದು ನೋಡಿಕೊಳ್ಳಿ. ಆರ್‌ನ ಕಾರ್ ಪ್ಯಾಕೇಜ್ ಮತ್ತು ಪೈಥಾನ್‌ನ ಸೈಪೈ, ನೀವೇನೂ ಹೇಳದಿದ್ದರೆ ಮೀಡಿಯನ್ ಹಿಡಿಯುತ್ತವೆ. ಎಸ್‌ಪಿಎಸ್‌ಎಸ್‌ನಲ್ಲಿ ಟಿ ಟೆಸ್ಟ್ ಜೊತೆ ಬರುವ ಲೆವೀನ್ ಸರಾಸರಿ ಹಿಡಿದದ್ದು. "ಲೆವೀನ್ ಮಾಡಿದೆವು" ಎಂದಷ್ಟೇ ಬರೆದರೆ ಓದುವವರಿಗೆ ಯಾವುದು ಎಂದು ಗೊತ್ತಾಗುವುದಿಲ್ಲ, ಮೆಥಡ್ಸ್‌ನಲ್ಲಿ ಬರೆದುಬಿಡಿ.

ಅಂದರೆ ನಿಮ್ಮ ಸೀನಿಯರ್ ಹೇಳಿದ್ದು ಸರಿ. ಗೈಡ್ ಹೇಳಿದ್ದೂ ಪೂರ್ತಿ ತಪ್ಪಲ್ಲ, ಡೇಟಾ ನಿಜಕ್ಕೂ ನಾರ್ಮಲ್ ಆಗಿದ್ದರೆ ಎಫ್ ಟೆಸ್ಟ್‌ಗೆ ಲೆವೀನ್‌ಗಿಂತ ಸ್ವಲ್ಪ ಶಕ್ತಿ ಜಾಸ್ತಿ. ಆದರೆ 35 ಹುಳ ನೋಡಿ ಹಂಚಿಕೆಯ ಅಂಚು ನಾರ್ಮಲ್ ಎಂದು ಯಾರೂ ಖಾತ್ರಿ ಕೊಡಲಾರರು. ಒಂದು ವಿಷಯ ಮಾತ್ರ ಮಾಡಬೇಡಿ, ಎಲ್ಲ ಟೆಸ್ಟ್ ಓಡಿಸಿ ಚಿಕ್ಕ ಪಿ ಕೊಟ್ಟದ್ದನ್ನು ಆರಿಸಿಕೊಳ್ಳುವುದು.

ಆ 35 ಮಿ.ಮೀ. ಹುಳದ ಕಥೆ ಈಗ ನಿಮಗೇ ಅರ್ಥವಾಗಿರಬೇಕು. ಲೆಕ್ಕ ಹಾಕಿ ನೋಡಿದೆ. ಅದು ಸರಾಸರಿಯಿಂದ 9 ಮಿ.ಮೀ. ದೂರ, ವರ್ಗ 81. ಕೊಳದ 35 ಹುಳಗಳ ವರ್ಗಗಳ ಒಟ್ಟು ಮೊತ್ತವೇ 306. ಕಾಲು ಭಾಗಕ್ಕಿಂತ ಜಾಸ್ತಿ ಒಂದೇ ಹುಳದಿಂದ ಬಂದಿದೆ! ಅದನ್ನು ತೆಗೆದರೆ ಎಸ್‌ಡಿ 3.0ರಿಂದ 2.6ಕ್ಕೆ ಇಳಿಯುತ್ತದೆ, ಎಫ್ 2.04ರಿಂದ 1.53ಕ್ಕೆ, ಪಿ 0.03ರಿಂದ ಸುಮಾರು 0.2ಕ್ಕೆ ಹಾರುತ್ತದೆ. 77 ಹುಳ ಅಳೆದು ಒಂದು ಹುಳದ ಮೇಲೆ ತೀರ್ಮಾನ ನಿಂತಿದೆ ಎಂದರೆ ಎಫ್ ಟೆಸ್ಟ್ ಎಷ್ಟು ಸೂಕ್ಷ್ಮ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಲು ಆಗುವುದಿಲ್ಲ.

ಹಾಗಂತ ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ನೀವು ಅಳೆಯಲು ಹೊರಟಿರುವುದೇ ಏರುಪೇರು. ದೂರದಲ್ಲಿರುವ ಹುಳವನ್ನು ದೂರದಲ್ಲಿದೆ ಎಂಬ ಕಾರಣಕ್ಕೇ ತೆಗೆದರೆ ಅಳೆಯಬೇಕಾದ್ದನ್ನೇ ಕತ್ತರಿಸಿದಂತೆ. ಫೀಲ್ಡ್ ನೋಟ್‌ಬುಕ್ ತೆಗೆದು ನೋಡಿ. 25 ಎಂದು ಓದಿ 35 ಎಂದು ಬರೆದಿದ್ದೀರಾ? ಚಿಪ್ಪು ಇನ್ನೂ ಇಟ್ಟುಕೊಂಡಿದ್ದರೆ ಮತ್ತೊಮ್ಮೆ ಅಳೆಯಿರಿ. ಬೇರೆ ಜಾತಿಯ ಹುಳ ಬೆರೆತಿದೆಯಾ ನೋಡಿ. ತಪ್ಪು ಸಿಕ್ಕರೆ ತಿದ್ದಿ ಅಥವಾ ತೆಗೆಯಿರಿ, ಕಾರಣ ಬರೆಯಿರಿ. ತಪ್ಪು ಸಿಗದಿದ್ದರೆ ಅದು ಕೊಳದ ಹುಳ, ಇರಲಿ. ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಓದುಗರ ಮುಂದೆ ಇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಂಕಿಅಂಶದ ಮಾತು. ನನ್ನ ಅನುಭವದಲ್ಲಿ ಏರುಪೇರಿನ ಹೋಲಿಕೆ ಹಾಳಾಗುವುದು ಹೆಚ್ಚಾಗಿ ಟೆಸ್ಟ್‌ನಿಂದ ಅಲ್ಲ, ಹುಳ ಹಿಡಿಯುವಾಗ ಮತ್ತು ಅಳೆಯುವಾಗ. ಸರಾಸರಿ ಹೋಲಿಸುವಾಗ ಅಡ್ಡಾದಿಡ್ಡಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಏರುಪೇರು ಅಳೆಯುವಾಗ ಹಾಗಾಗುವುದಿಲ್ಲ. ಪ್ರತಿ ತಪ್ಪೂ ವೇರಿಯನ್ಸ್‌ಗೆ ಸೇರಿಕೊಳ್ಳುತ್ತದೆ.

ಹಿಂದೊಮ್ಮೆ ಒಬ್ಬ ವಿದ್ಯಾರ್ಥಿ ಎಲೆಗಳ ಅಗಲದ ಡೇಟಾ ತಂದಿದ್ದ. ಒಂದು ಗುಂಪಿನಲ್ಲಿ ಏರುಪೇರು ತುಂಬಾ ಜಾಸ್ತಿ, ಯಾವ ಟೆಸ್ಟ್ ಮಾಡಿದರೂ ಜಾಸ್ತಿ. ಮಾತಾಡುತ್ತಾ ಹೋದಾಗ ಗೊತ್ತಾಯಿತು, ಒಂದು ಗುಂಪನ್ನು ಅವನೇ ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳೆದಿದ್ದ. ಇನ್ನೊಂದನ್ನು ಇಬ್ಬರು ಜೂನಿಯರ್‌ಗಳು ಸ್ಕೇಲ್ ಹಿಡಿದು ಅಳೆದಿದ್ದರು. ಎರಡು ವರ್ಷದ ಕೆಲಸ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ನಿಮಗೆ ಹಾಗಾಗಬಾರದು. ಪ್ರತಿ ಗುಂಪಿನಿಂದ 20 ಚಿಪ್ಪು ತೆಗೆದುಕೊಂಡು, ಮೊದಲಿನ ಅಳತೆ ನೋಡದೆ, ಇನ್ನೊಮ್ಮೆ ಅಳೆಯಿರಿ. ಎರಡು ಸಲದ ವ್ಯತ್ಯಾಸಗಳ ಎಸ್‌ಡಿಯನ್ನು 2ರ ವರ್ಗಮೂಲದಿಂದ ಭಾಗಿಸಿದರೆ ನಿಮ್ಮ ಅಳತೆಯ ತಪ್ಪು ಎಷ್ಟು ಎಂದು ಸಿಗುತ್ತದೆ. ಅದು 1 ಮಿ.ಮೀ. ಬಂದರೆ ಕೊಳದ ವೇರಿಯನ್ಸ್ 9ರಲ್ಲಿ 1 ನಿಮ್ಮ ಕೈಯದ್ದು, 8 ಹುಳಗಳದ್ದು. ತೊರೆಯಲ್ಲಿ ಅದೇ 1, 4.41ರಲ್ಲಿ ದೊಡ್ಡ ಪಾಲು. ಲಾಗ್ ತೆಗೆದಾಗ ಇದು ಇನ್ನೂ ಮುಖ್ಯ, ಒಂದೇ ಮಿಲಿಮೀಟರ್ ತಪ್ಪು ಚಿಕ್ಕ ಹುಳದಲ್ಲಿ ದೊಡ್ಡ ಶೇಕಡಾವಾರು ಆಗುತ್ತದೆ.

ಇನ್ನೊಂದು, ಬೆರಕೆ. ನಿಮ್ಮ ಜಾತಿಯಲ್ಲಿ ಗಂಡು ಹೆಣ್ಣು ಬೇರೆಬೇರೆ ಇವೆಯಾ? ಕೆಲವು ಸಿಹಿನೀರಿನ ಬಸವನ ಹುಳಗಳಲ್ಲಿ ಇರುತ್ತವೆ, ಕೆಲವದರಲ್ಲಿ ಒಂದೇ ಹುಳದಲ್ಲಿ ಎರಡೂ ಇರುತ್ತವೆ. ಬೇರೆಬೇರೆ ಇದ್ದು, ಹೆಣ್ಣು 4 ಮಿ.ಮೀ. ದೊಡ್ಡದಿದ್ದು, ಅರ್ಧ ಗಂಡು ಅರ್ಧ ಹೆಣ್ಣು ಹಿಡಿದಿದ್ದರೆ, ಆ ಬೆರಕೆಯಿಂದಲೇ ವೇರಿಯನ್ಸ್‌ಗೆ 4 ಸೇರುತ್ತದೆ. ವ್ಯತ್ಯಾಸದ ವರ್ಗವನ್ನು 4ರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಗಂಡುಗಳೊಳಗೆ 5, ಹೆಣ್ಣುಗಳೊಳಗೆ 5, ಬೆರಕೆಯದ್ದು 4, ಒಟ್ಟು 9. ನಿಮ್ಮ ಕೊಳದ ವೇರಿಯನ್ಸ್ ಸರಿಯಾಗಿ 9 ಇದೆ! ಹೀಗೇ ಆಗಿದೆ ಎಂದು ಹೇಳುತ್ತಿಲ್ಲ. ಆದರೆ ಹೀಗೂ ಆಗಬಹುದು, ಟೆಸ್ಟ್‌ಗೆ ಅದು ಗೊತ್ತಾಗುವುದಿಲ್ಲ. ವಯಸ್ಸಿನದ್ದೂ ಇದೇ ಮಾತು. ಒಂದು ಕಡೆ ಬರೀ ಬೆಳೆದ ಹುಳ, ಇನ್ನೊಂದು ಕಡೆ ಮರಿ ಮತ್ತು ಬೆಳೆದವು ಸೇರಿದ್ದರೆ ನೀವು ಅಳೆದದ್ದು ವಯಸ್ಸಿನ ಏರುಪೇರು. ಹಿಸ್ಟೋಗ್ರಾಂ ಬಿಡಿಸಿ ನೋಡಿ, ಎರಡು ಗುಡ್ಡ ಕಾಣುತ್ತವೆಯಾ ಎಂದು. ಪ್ರತಿ ಹುಳವೂ ಒಂದು ಚುಕ್ಕೆಯಾಗಿ ಕಾಣುವ ಚಿತ್ರ ಇನ್ನೂ ಒಳ್ಳೆಯದು.

ಹುಳ ಹಿಡಿದದ್ದು ಹೇಗೆ? ತೊರೆಯಲ್ಲಿ ಜಾಲರಿ, ಕೊಳದಲ್ಲಿ ಕೈ ಎಂದಾದರೆ ತೊಂದರೆ. ಜಾಲರಿಯ ಕಣ್ಣಿನಿಂದ ಚಿಕ್ಕವು ಜಾರಿಹೋಗುತ್ತವೆ, ಹಂಚಿಕೆಯ ಒಂದು ಅಂಚೇ ಕತ್ತರಿಸಿದಂತಾಗಿ ವೇರಿಯನ್ಸ್ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ, 35 ಹುಳಗಳು ಮೂರು ಕಲ್ಲುಗಳ ಮೇಲಿಂದ ಬಂದಿದ್ದರೆ ಅವು 35 ಸ್ವತಂತ್ರ ಸಾಕ್ಷಿಗಳಲ್ಲ. ಒಂದೇ ಕಲ್ಲಿನವು ಒಂದೇ ತಾಯಿಯ ಮಕ್ಕಳೂ ಆಗಿರಬಹುದು, ಒಂದೇ ಊಟ ತಿಂದವಂತೂ ಹೌದು. ಯಾವ ಹುಳ ಎಲ್ಲಿಂದ ಎಂದು ಬರೆದಿಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸುವ ಮಿಕ್ಸೆಡ್ ಮಾಡೆಲ್ ಬಳಸಿ. ಮತ್ತೆ, ಒಂದೇ ತೊರೆ, ಒಂದೇ ಕೊಳ. "ಕೊಳಗಳಲ್ಲಿ ಹೀಗೆ" ಎಂದು ಬರೆಯಲು ನಿಮ್ಮ ಬಳಿ ಇರುವುದು ಒಂದೇ ಕೊಳ ಎಂಬುದನ್ನು ಮರೆಯಬೇಡಿ.

ಸ್ಯಾಂಪಲ್ ಗಾತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಏರುಪೇರು ಅಳೆಯಲು ಸರಾಸರಿ ಅಳೆಯುವುದಕ್ಕಿಂತ ಬಹಳ ಜಾಸ್ತಿ ಜೀವಿಗಳು ಬೇಕು. 10 ಹುಳ ಅಳೆದು ಎಸ್‌ಡಿ 3.0 ಬಂದರೆ, ಡೇಟಾ ನಾರ್ಮಲ್ ಎಂದುಕೊಂಡರೂ, ನಿಜವಾದದ್ದು 2.1 ಇರಬಹುದು, 5.5 ಇರಬಹುದು. 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಡೇಟಾಗೆ ಹೊಂದುವ ಸಂಖ್ಯೆಗಳ ವ್ಯಾಪ್ತಿ, ಅಷ್ಟು ಅಗಲ. ಒಂದು ಗುಂಪಿನ ಎಸ್‌ಡಿ ಇನ್ನೊಂದರ ಒಂದೂವರೆ ಪಟ್ಟು ಇದ್ದು, ಅದನ್ನು 100ಕ್ಕೆ 80 ಸಲವಾದರೂ ಹಿಡಿಯಬೇಕೆಂದರೆ ಪ್ರತಿ ಗುಂಪಿಗೂ ಸುಮಾರು 50 ಬೇಕು. 1.2 ಪಟ್ಟು ವ್ಯತ್ಯಾಸ ಹಿಡಿಯಲು ಸುಮಾರು 240. ಇದೂ ನಾರ್ಮಲ್ ಡೇಟಾಗೆ, ಎಫ್ ಟೆಸ್ಟ್‌ಗೆ ಹಾಕಿದ ಲೆಕ್ಕ. ಲೆವೀನ್‌ಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಹಳೆಯ ಒಂದು ಡೇಟಾ ನೆನಪಾಗುತ್ತಿದೆ, ನಿಮ್ಮ ಪ್ರಶ್ನೆಗೆ ತುಂಬಾ ಹತ್ತಿರದ್ದು. 1898ರ ಫೆಬ್ರವರಿಯಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ದೊಡ್ಡ ಹಿಮಗಾಳಿ ಬಂತು. ನೆಲಕ್ಕೆ ಬಿದ್ದ 136 ಗುಬ್ಬಚ್ಚಿಗಳನ್ನು ಬ್ರೌನ್ ಯೂನಿವರ್ಸಿಟಿಗೆ ತಂದರು. 72 ಬದುಕಿದವು, 64 ಸತ್ತವು. ಹರ್ಮನ್ ಬಂಪಸ್ ಎಂಬ ಜೀವವಿಜ್ಞಾನಿ ಎಲ್ಲವನ್ನೂ ಅಳೆದು, ಸತ್ತವುಗಳಲ್ಲಿ ಏರುಪೇರು ಜಾಸ್ತಿ ಎಂದರು. ಅಂದರೆ ತೀರಾ ದೊಡ್ಡವು ತೀರಾ ಚಿಕ್ಕವು ಸತ್ತು, ಮಧ್ಯಮ ಅಳತೆಯವು ಉಳಿದವು, ಇದು ನೈಸರ್ಗಿಕ ಆಯ್ಕೆಯ ಕೆಲಸ ಎಂದು. ಎಷ್ಟು ಸುಂದರ ಪ್ರಶ್ನೆ ನೋಡಿ, ಸರಾಸರಿ ಮಾತ್ರ ನೋಡುವವರಿಗೆ ಇದು ಹೊಳೆಯುವುದೇ ಇಲ್ಲ. ಅಳತೆಗಳನ್ನೆಲ್ಲ ಅವರು ಪ್ರಕಟಿಸಿದ್ದರಿಂದ ಇವತ್ತಿಗೂ ಜನ ಅದನ್ನು ಹೊಸ ಟೆಸ್ಟ್‌ಗಳಿಂದ ಪರೀಕ್ಷಿಸುತ್ತಾರೆ. ಹೆಣ್ಣು ಗುಬ್ಬಿಗಳನ್ನಷ್ಟೇ ತೆಗೆದುಕೊಂಡರೆ 49 ಇವೆ, ಬದುಕಿದ್ದು 21, ಸತ್ತದ್ದು 28. ಒಟ್ಟು ಉದ್ದದ ವೇರಿಯನ್ಸ್ ಬದುಕಿದವುಗಳಲ್ಲಿ ಸುಮಾರು 11, ಸತ್ತವುಗಳಲ್ಲಿ ಸುಮಾರು 15. ಬಂಪಸ್ ಹೇಳಿದ ದಿಕ್ಕಿನಲ್ಲೇ ಇದೆ. ಆದರೆ ಅನುಪಾತ 1.36 ಮಾತ್ರ, ಇಷ್ಟು ಕಡಿಮೆ ಗುಬ್ಬಿಗಳಲ್ಲಿ ಬರೀ ಅದೃಷ್ಟದಿಂದಲೂ ಅಷ್ಟು ಬರುತ್ತದೆ. ಈ ಒಂದು ಅಳತೆಯಿಂದ ಬಂಪಸ್ ಮಾತು ಸುಳ್ಳೂ ಆಗುವುದಿಲ್ಲ, ಸಾಬೀತೂ ಆಗುವುದಿಲ್ಲ.

ನಿಮಗೂ ಇದೇ ಅನ್ವಯಿಸುತ್ತದೆ. ಪಿ 0.05ಕ್ಕಿಂತ ಜಾಸ್ತಿ ಬಂದರೆ "ಏರುಪೇರು ಸಮ" ಎಂದು ಬರೆಯಬೇಡಿ. ಗಾತ್ರಕ್ಕೆ ತಕ್ಕ ಏರುಪೇರಿನ ಅನುಪಾತ ನಿಮ್ಮಲ್ಲಿ 1.01. ಡೇಟಾ ನಾರ್ಮಲ್ ಎಂದುಕೊಂಡು ಹಾಕಿದ ಅದರ ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 0.73ರಿಂದ 1.40. ಕೊಳದವುಗಳ ಏರುಪೇರು ಕಾಲು ಭಾಗ ಕಡಿಮೆ ಇದ್ದರೂ, ಶೇಕಡಾ 40 ಜಾಸ್ತಿ ಇದ್ದರೂ ಈ ಡೇಟಾಗೆ ಅಚ್ಚರಿಯಿಲ್ಲ. ನಾನಾಗಿದ್ದರೆ ಪಿ ವ್ಯಾಲ್ಯೂಗಿಂತ ಮೊದಲು ಈ ಇಂಟರ್ವಲ್ ಅನ್ನೇ ಬರೆಯುತ್ತಿದ್ದೆ. ನಾರ್ಮಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಬೂಟ್‌ಸ್ಟ್ರಾಪ್ ಮಾಡಿ. ಪ್ರತಿ ಗುಂಪಿನಿಂದ ಹುಳಗಳನ್ನು ಮತ್ತೆ ಮತ್ತೆ ಎತ್ತಿ 10,000 ಸಲ ಅನುಪಾತ ಲೆಕ್ಕ ಹಾಕುವುದು. ಚಿಕ್ಕ ಸ್ಯಾಂಪಲ್‌ನಲ್ಲಿ ಬೂಟ್‌ಸ್ಟ್ರಾಪ್ ಇಂಟರ್ವಲ್ ಇರಬೇಕಾದ್ದಕ್ಕಿಂತ ಕಿರಿದಾಗುವ ಅಪಾಯ ಇದೆ, 15-20 ಜೀವಿ ಇಟ್ಟುಕೊಂಡು ಅದನ್ನು ನೆಚ್ಚಿಕೊಳ್ಳಬೇಡಿ. ಪರ್ಮ್ಯುಟೇಷನ್ ಟೆಸ್ಟ್ (ಯಾವ ಹುಳ ಯಾವ ಗುಂಪಿನದು ಎಂಬ ಹೆಸರನ್ನು ಮತ್ತೆ ಮತ್ತೆ ಕಲಸಿ ಹೋಲಿಸುವುದು) ಮಾಡುವುದಾದರೆ ಗುಂಪಿನ ಹೆಸರು ಕಲಸುವ ಮೊದಲು ಪ್ರತಿ ಗುಂಪಿನ ಮೀಡಿಯನ್ ಕಳೆದುಬಿಡಿ. ಇಲ್ಲದಿದ್ದರೆ ಸರಾಸರಿಯ ವ್ಯತ್ಯಾಸವೂ ಏರುಪೇರಿನೊಳಗೆ ನುಗ್ಗಿ ಲೆಕ್ಕ ಕೆಡುತ್ತದೆ.

ಜೆನೆಟಿಕ್ ವೈವಿಧ್ಯ ಎಂದು ಬರೆಯಬಹುದಾ? ಬೇಡ. ದಯವಿಟ್ಟು ಬೇಡ. ನೀವು ಅಳೆದದ್ದು ಚಿಪ್ಪು. ಚಿಪ್ಪಿನ ಉದ್ದದ ಏರುಪೇರಿನಲ್ಲಿ ಜೀನ್‌ಗಳ ಪಾಲಿದೆ, ನೀರು, ಆಹಾರ, ಸುಣ್ಣದಂಶ, ಬಿಸಿಲು, ವಯಸ್ಸು ಎಲ್ಲದರ ಪಾಲೂ ಇದೆ. ಜೀನ್‌ನಲ್ಲಿ ಒಂದೇ ಬಗೆಯ ಹುಳಗಳು ಏರುಪೇರಿನ ಕೊಳದಲ್ಲಿ ಬೆಳೆದು ಹಲವು ಗಾತ್ರ ಆಗಬಹುದು. ವೈವಿಧ್ಯ ತುಂಬಿದ ಹುಳಗಳೂ ಒಂದೇ ಗಾತ್ರಕ್ಕೆ ಬಂದು ನಿಲ್ಲಬಹುದು. ಜೀನ್‌ಗಳ ಬಗ್ಗೆ ಹೇಳಬೇಕಾದರೆ ಎರಡು ದಾರಿ. ಎರಡು ಕಡೆಯ ಮೊಟ್ಟೆಗಳನ್ನು ಒಂದೇ ಬಗೆಯ ತೊಟ್ಟಿಯಲ್ಲಿ, ಒಂದೇ ಆಹಾರ ಕೊಟ್ಟು ಬೆಳೆಸಿ, ಯಾವ ಮರಿ ಯಾವ ತಾಯಿಯದು ಎಂದು ಬರೆದಿಟ್ಟು ಅಳೆಯುವುದು. ಇದಕ್ಕೆ ಕಾಲ ಬೇಕು, ಹುಳಗಳು ಸಾಯುವ ಅಪಾಯವೂ ಇದೆ. ಇಲ್ಲವೇ ಡಿಎನ್‌ಎ ತೆಗೆದು ನೇರವಾಗಿ ಹೆಟಿರೋಜೈಗಾಸಿಟಿ (ಒಂದೇ ಜಾಗದಲ್ಲಿ ಜೀನ್‌ನ ಎರಡು ಬೇರೆ ರೂಪಗಳು ಎಷ್ಟು ಸಲ ಸಿಗುತ್ತವೆ ಎನ್ನುವುದು) ಅಳೆಯುವುದು. ಅದಕ್ಕೆ ಎಫ್, ಲೆವೀನ್ ಎರಡೂ ಬೇಡ, ಅಲ್ಲಿ ಹೋಲಿಕೆ ನಡೆಯುವುದು ಹಲವು ಲೋಕಸ್‌ಗಳ, ಅಂದರೆ ಡಿಎನ್‌ಎಯ ಹಲವು ಜಾಗಗಳ, ಮೇಲೆ. ಡಿಎನ್‌ಎಯಲ್ಲಿ ವೈವಿಧ್ಯ ಜಾಸ್ತಿ ಇದ್ದರೆ ಚಿಪ್ಪಿನಲ್ಲೂ ಜಾಸ್ತಿ ಇರುತ್ತದೆ ಎಂದೂ ಇಲ್ಲ, ಇವೆರಡು ಬೇರೆ ಪ್ರಶ್ನೆಗಳು.

ಟಿ ಟೆಸ್ಟ್ ವಿಷಯ ಸುಲಭ. ಮೊದಲು ವೇರಿಯನ್ಸ್ ಟೆಸ್ಟ್ ಮಾಡಿ, ಅದು ಪಾಸಾದರೆ ಸಾಮಾನ್ಯ ಟಿ, ಇಲ್ಲದಿದ್ದರೆ ಟಿ ಟೆಸ್ಟ್‌ನ ಇನ್ನೊಂದು ರೂಪವಾದ ವೆಲ್ಚ್ ಎಂದು ಹಲವರಿಗೆ ಕಲಿಸುತ್ತಾರೆ. ಆ ಎರಡು ಹಂತದ ಪದ್ಧತಿ ಬಿಡಿ. ಮೊದಲ ಟೆಸ್ಟ್‌ನ ತಪ್ಪು ಎರಡನೆಯದಕ್ಕೂ ಹರಿಯುತ್ತದೆ. ನೇರವಾಗಿ ವೆಲ್ಚ್ ಮಾಡಿ, ಅದಕ್ಕೆ ಸಮ ವೇರಿಯನ್ಸ್ ಬೇಕಿಲ್ಲ. ವೇರಿಯನ್ಸ್ ಸಮ ಇದ್ದರೂ ನಷ್ಟ ತೀರಾ ಕಡಿಮೆ. ನಿಮ್ಮಲ್ಲಿ ಸರಾಸರಿಯ ವ್ಯತ್ಯಾಸ 7.6 ಮಿ.ಮೀ., ಯಾವ ಟೆಸ್ಟ್ ಮಾಡಿದರೂ ಅದು ಎದ್ದು ಕಾಣುತ್ತದೆ.

ಅದೇ ನಿಮ್ಮ ಪೇಪರಿನ ಮುಖ್ಯ ಫಲಿತಾಂಶ ಎಂದು ನನಗನ್ನಿಸುತ್ತದೆ. ಕೊಳದ ಹುಳಗಳು ಸರಾಸರಿ ಶೇಕಡಾ 40ರಷ್ಟು ಉದ್ದ, ಆದರೂ ಗಾತ್ರಕ್ಕೆ ತಕ್ಕ ಏರುಪೇರು ಎರಡು ಕಡೆಯೂ ಶೇಕಡಾ 11ರ ಹತ್ತಿರ. ಇಷ್ಟು ದೊಡ್ಡದಾಗಿ ಬೆಳೆದೂ ಆ ಅನುಪಾತ ಹಾಗೇ ಉಳಿದಿರುವುದು ಕುತೂಹಲದ ವಿಷಯ, ಅದಕ್ಕೆ ನಾಚಿಕೆಪಡಬೇಕಾಗಿಲ್ಲ. ಗೈಡ್ ಬಳಿ ಹೋಗುವಾಗ ಎರಡು ಸಿವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಜೊತೆಗೆ ಆ 35 ಮಿ.ಮೀ. ಹುಳ ಇದ್ದಾಗ ಮತ್ತು ಇಲ್ಲದಾಗ ಬರುವ ಎಫ್ ಸಂಖ್ಯೆಗಳನ್ನು ಕೂಡ. ಟೆಸ್ಟ್‌ಗಳ ಹೆಸರು ಹಿಡಿದು ವಾದ ಮಾಡುವುದಕ್ಕಿಂತ ಅದನ್ನು ತೋರಿಸುವುದು ಸುಲಭ. ಮತ್ತೆ ಅಳೆದ 20 ಚಿಪ್ಪುಗಳ ಅಳತೆ, ಗಂಡು ಹೆಣ್ಣಿನ ವಿವರ ಸಿಕ್ಕರೆ ಬರೆದು ಕಳಿಸಿ, ಒಟ್ಟಿಗೆ ನೋಡೋಣ.